ಬೆಲ್ ಆಗ್ತಿತ್ತು, ಆದರೆ ಬೇರೆ ಯಾರದ್ದೋ ಮನೆಯಲ್ಲಿ: ಒಬ್ಬ ಮೋಟಾರ್ ಮೆಕ್ಯಾನಿಕ್‌ಗೆ ಬರದೇ ಹೋದ ಕರೆಗಳ ಪ್ರಕರಣ

"ಔಟ್‌ಗೋಯಿಂಗ್ ಹೋಗ್ತದೆ, ಇನ್‌ಕಮಿಂಗ್ ಬರಲ್ಲ" ಅಂತ ಹೇಳಿಕೊಂಡು ಚಿಕ್ಕಮಗಳೂರಿನ ನಮ್ಮ ರಿಪೇರಿ ಅಂಗಡಿಗೆ ಬರುವವರು ಯಾವಾಗಲೂ ಇದ್ದೇ ಇರುತ್ತಾರೆ. ಜಾಸ್ತಿ ಸಲ ಅದು ಐದು ನಿಮಿಷದ ಕೆಲಸ. ರೀಚಾರ್ಜ್ ಮುಗಿದಿರುತ್ತದೆ, ಇಲ್ಲವೇ ಡು ನಾಟ್ ಡಿಸ್ಟರ್ಬ್ ಆನ್ ಆಗಿರುತ್ತದೆ, ಇಲ್ಲವೇ ಮಕ್ಕಳು ಆಟ ಆಡುವಾಗ ಯಾವುದೋ ನಂಬರನ್ನು ಬ್ಲಾಕ್ ಮಾಡಿರುತ್ತಾರೆ. ಈ ಪ್ರಕರಣ ಹಾಗಿರಲಿಲ್ಲ. ಮೂರು ತೊಂದರೆಗಳು ಒಂದರೊಳಗೊಂದು ಸಿಕ್ಕಿಕೊಂಡಿದ್ದವು. ಸಿಮ್ ಬದಲಾಯಿಸಿದರೂ ಹೋಗಿರಲಿಲ್ಲ, ಹೊಸ ಫೋನ್ ತಗೊಂಡರೂ ಹೋಗಿರಲಿಲ್ಲ. ಇಂಥದ್ದೇ ತೊಂದರೆ ಇನ್ನೂ ಎಷ್ಟೋ ಜನರಿಗೆ ಇರಬಹುದು ಅನ್ನಿಸಿ, ಅವರ ಒಪ್ಪಿಗೆ ಪಡೆದು ಪೂರ್ತಿ ಬರೆಯುತ್ತಿದ್ದೇನೆ. ಹೆಸರು, ಊರು, ಸಿಮ್ ಕಂಪನಿ ಯಾವುದನ್ನೂ ಹಾಕಿಲ್ಲ.

ಯಾರು, ಏನು ತೊಂದರೆ

ಇವರನ್ನು ರಮೇಶಣ್ಣ ಅನ್ನೋಣ. ಮೂಡಿಗೆರೆ ತಾಲ್ಲೂಕಿನವರು. ಕಾಫಿ ತೋಟಗಳ ಪಂಪ್‌ಸೆಟ್, ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಮೋಟಾರ್ ರಿಪೇರಿ ಮಾಡುತ್ತಾರೆ, ಸುಟ್ಟ ಮೋಟಾರಿಗೆ ತಂತಿ ಸುತ್ತುವ ರಿವೈಂಡಿಂಗ್ ಕೂಡ ಅವರೇ. ಮನೆಗೆ ಅಂಟಿಕೊಂಡೇ ವರ್ಕ್‌ಶಾಪ್ ಇದೆ, ಆದರೆ ಹಗಲು ಹೊತ್ತು ಅವರು ಅಲ್ಲಿರುವುದು ಕಡಿಮೆ. ಬೈಕಿನಲ್ಲಿ ತೋಟದಿಂದ ತೋಟಕ್ಕೆ ಓಡಾಟ.

ಈ ಕೆಲಸಕ್ಕೆ ಫೋನ್ ಎಷ್ಟು ಮುಖ್ಯ ಅಂತ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಅರೇಬಿಕಾ ಕೊಯ್ಲಿನ ಹೊತ್ತಿನಲ್ಲಿ ಪಲ್ಪರ್ ನಿಂತರೆ ಅವತ್ತು ಕೊಯ್ದ ಹಣ್ಣು ಕೊಳೆಯಲು ಶುರುವಾಗುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ರೊಬಸ್ಟಾ ತೋಟಕ್ಕೆ ಹೂ ಬಿಡಿಸಲು ಸ್ಪ್ರಿಂಕ್ಲರ್ ಹಾಕುತ್ತಾರಲ್ಲ, ಆಗ ಕೆರೆ ಹತ್ತಿರದ ಮೋಟಾರ್ ಸುಟ್ಟರೆ ಮಾಲೀಕರು ಒಂದು ದಿನವೂ ಕಾಯುವ ಸ್ಥಿತಿಯಲ್ಲಿ ಇರುವುದಿಲ್ಲ. ಒಂದು ಸಲ ಕಾಲ್ ಮಾಡುತ್ತಾರೆ, ಎರಡು ಸಲ ಮಾಡುತ್ತಾರೆ, ಸಿಗದಿದ್ದರೆ ಮುಂದಿನ ಮೆಕ್ಯಾನಿಕ್‌ಗೆ ಮಾಡುತ್ತಾರೆ.

ರಮೇಶಣ್ಣನ ದೂರು ಇಷ್ಟು. ಹಗಲಲ್ಲಿ ಕಾಲ್ ಕಡಿಮೆಯಾಗಿದೆ. ಎದುರಿಗೆ ಸಿಕ್ಕವರು "ಏನ್ ಮಾರಾಯ್ರೆ, ನಂಬರ್ ಬದಲಾಯ್ಸಿದ್ರಾ?" ಅಂತ ಕೇಳುತ್ತಾರೆ. ಇವರ ಫೋನಿನಲ್ಲಿ ಮಿಸ್ಡ್ ಕಾಲ್ ಕೂಡ ಇರುವುದಿಲ್ಲ. ಹಾಗಂತ ಪೂರ್ತಿ ನಿಂತೂ ಹೋಗಿಲ್ಲ, ಸಂಜೆ ಹೊತ್ತು ಚೆನ್ನಾಗಿಯೇ ಬರುತ್ತದೆ. ಒಂದು ವರ್ಷಕ್ಕೂ ಜಾಸ್ತಿ ಹೀಗೇ ನಡೆದಿತ್ತು. ಕೆಲಸ ಕಡಿಮೆಯಾಗಿದ್ದು ಫೋನಿನಿಂದಲೋ, ಜನ ತಮ್ಮನ್ನು ಬಿಟ್ಟರೋ ಅನ್ನುವುದೇ ಅವರಿಗೆ ಗೊತ್ತಾಗುತ್ತಿರಲಿಲ್ಲ. ಈ ಅನುಮಾನ ಮನುಷ್ಯನನ್ನು ಬಹಳ ಕುಗ್ಗಿಸುತ್ತದೆ.

ನನ್ನ ಹತ್ತಿರ ಬರುವ ಮೊದಲು ಮಾಡಿದ್ದು

ಮೊದಲು ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ದರು. ನಂಬರ್ ಚಾಲೂ ಇದೆ, ನಮ್ಮ ಕಡೆಯಿಂದ ತೊಂದರೆ ಇಲ್ಲ ಅಂದರು. ಆಮೇಲೆ ಸಿಮ್ ಹಳೆಯದಾಯಿತು ಅಂತ ಅದೇ ನಂಬರಿಗೆ ಹೊಸ ಸಿಮ್ ಹಾಕಿಸಿದರು. ಏನೂ ಬದಲಾಗಲಿಲ್ಲ. ಇನ್ನೊಂದು ಅಂಗಡಿಯಲ್ಲಿ, ಬಂದ ಕಾಲ್ ತಾನಾಗಿ ಬೇರೆ ನಂಬರಿಗೆ ಹೋಗುವ ಕಾಲ್ ಫಾರ್ವರ್ಡ್ ಇರಬಹುದು ಅಂತ *#21# ಹೊಡೆದು ನೋಡಿದರು, 'ಫಾರ್ವರ್ಡ್ ಆಗಿಲ್ಲ' ಅಂತ ಬಂತು. ಹಾಗಾದರೆ ಸಾಫ್ಟ್‌ವೇರ್ ಕೆಟ್ಟಿದೆ ಅಂತ ಫ್ಯಾಕ್ಟರಿ ರಿಸೆಟ್ ಮಾಡಿದರು. ಗ್ರಾಹಕರ ನಂಬರುಗಳೆಲ್ಲ ಫೋನ್ ಮೆಮೊರಿಯಲ್ಲಿದ್ದವು, ಜಿಮೇಲ್ ಖಾತೆಗೆ ಸೇವ್ ಆಗಿರಲಿಲ್ಲ. ಎಲ್ಲ ಹೋದವು. ಕೊನೆಗೆ ಸಾಲ ಮಾಡಿ ಹೊಸ ಫೋನ್ ತಗೊಂಡರು. ತೊಂದರೆ ಹೊಸ ಫೋನಿಗೂ ಬಂತು.

ನನ್ನ ಹತ್ತಿರ ಬಂದಾಗ ಅವರು ಪೋರ್ಟ್ ಮಾಡಿಸುವ, ಅಂದರೆ ಅದೇ ನಂಬರ್ ಇಟ್ಟುಕೊಂಡು ಬೇರೆ ಕಂಪನಿಗೆ ಹೋಗುವ ತೀರ್ಮಾನಕ್ಕೆ ಬಂದಿದ್ದರು. 1900ಕ್ಕೆ ಮೆಸೇಜ್ ಹಾಕುವುದಷ್ಟೇ ಬಾಕಿ. ಅಂದು ಹಾಕಬೇಡಿ ಅಂದೆ. ನಮ್ಮ ರಾಜ್ಯದೊಳಗೇ ಪೋರ್ಟ್ ಆಗಲು ಮೂರು ಕೆಲಸದ ದಿನ ಹಿಡಿಯುತ್ತದೆ. ಹೊಸ ಕಂಪನಿಗೆ ಹೋದ ಮೇಲೆ 90 ದಿನ ಅಲ್ಲೇ ಇರಬೇಕು. ಅವರು ಓಡಾಡುವ ತೋಟಗಳಲ್ಲಿ ಆ ಕಂಪನಿಯ ಸಿಗ್ನಲ್ ಹೇಗಿದೆ ಅಂತಲೂ ನೋಡಿರಲಿಲ್ಲ. ಕಾರಣವೇ ಗೊತ್ತಿಲ್ಲದೆ ಮೂರು ತಿಂಗಳ ಗಂಟು ಹಾಕಿಕೊಳ್ಳುವುದು ಬೇಡ ಅನ್ನಿಸಿತು. ಒಂದು ಮಾತು ನೇರವಾಗಿ ಹೇಳಬೇಕು: ಅವತ್ತು ಪೋರ್ಟ್ ಮಾಡಿಸಿದ್ದರೆ ಮುಖ್ಯ ತೊಂದರೆ ತಾನಾಗಿಯೇ ಹೋಗುತ್ತಿತ್ತು. ಆದರೆ ಉಳಿದ ಎರಡು ಹಾಗೇ ಉಳಿಯುತ್ತಿದ್ದವು, ಹೋಗಿದ್ದು ಯಾಕೆ ಅಂತಲೂ ತಿಳಿಯುತ್ತಿರಲಿಲ್ಲ.

ಕರೆ ಮಾಡಿದವರನ್ನು ಕೇಳಿದ್ದು

ಅಂಗಡಿಯಲ್ಲಿ ನನ್ನ ಫೋನಿನಿಂದ ಕಾಲ್ ಮಾಡಿದೆ. ಚೆನ್ನಾಗಿ ಬೆಲ್ ಆಯಿತು. ಬೇರೆ ಬೇರೆ ಕಂಪನಿಯ ಸಿಮ್‌ಗಳಿಂದ ಮಾಡಿಸಿದೆ, ಎಲ್ಲವೂ ಬಂದವು. ಆಗುವುದೇ ಹಾಗೆ, ಪೇಟೆಯಲ್ಲಿ ಸಿಗ್ನಲ್ ತುಂಬಿರುತ್ತದೆ. ಹಿಂದಿನ ಅಂಗಡಿಯವರಿಗೂ ಹೀಗೇ ಬಂದಿರಬೇಕು, ಅದಕ್ಕೇ ಫೋನ್ ಸರಿಯಿದೆ ಅಂದಿರಬೇಕು.

ಇನ್‌ಕಮಿಂಗ್ ತೊಂದರೆಯಲ್ಲಿ ಫೋನ್ ಹಿಡಿದುಕೊಂಡಿರುವವನಿಗೆ ಗೊತ್ತಿರುವುದು ಬಹಳ ಕಡಿಮೆ. ಅವನಿಗೆ ಕಾಲ್ ಬಂದಿಲ್ಲ, ಅಷ್ಟೇ. ಕಾಲ್ ಎಲ್ಲಿ ಸತ್ತಿತು ಅನ್ನುವ ಸಾಕ್ಷಿ ಕಾಲ್ ಮಾಡಿದವರ ಕಿವಿಯಲ್ಲಿ ಇರುತ್ತದೆ. ಪೂರ್ತಿ ಬೆಲ್ ಆಗಿಯೂ ಇವರಿಗೆ ಕೇಳಿಸಿಲ್ಲ ಅಂದರೆ ಸಾಮಾನ್ಯವಾಗಿ ತೊಂದರೆ ಫೋನಿನೊಳಗೆ. ಒಂದೇ ಬೆಲ್ ಆಗಿ ಕಟ್ ಆದರೆ ಬ್ಲಾಕ್ ಇರಬಹುದು. ಬೆಲ್ಲೇ ಆಗದೆ 'ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ' ಅಂದರೆ ಫೋನ್ ಟವರಿನ ಕೈಗೆ ಸಿಕ್ಕಿಲ್ಲ. ಸೇವೆ ಇಲ್ಲ ಅಂದರೆ ಮೊದಲು ರೀಚಾರ್ಜ್ ನೋಡಬೇಕು. ಬೇರೆ ಯಾರೋ ಎತ್ತಿದರೆ ಅದು ಫಾರ್ವರ್ಡ್. ಹಾಗಾಗಿ ಫೋನನ್ನು ಬದಿಗಿಟ್ಟು, "ನಿಮಗೆ ಕಾಲ್ ಸಿಗ್ಲಿಲ್ಲ ಅಂದವರು ಯಾರ್ಯಾರು, ಅವರ ನಂಬರ್ ಕೊಡಿ" ಅಂದೆ. ರಮೇಶಣ್ಣನಿಗೆ ಸಂಕೋಚ. ಗ್ರಾಹಕರಿಗೆ ಇದಕ್ಕೆಲ್ಲ ಫೋನ್ ಮಾಡಿದರೆ ಏನಂದುಕೊಳ್ಳುತ್ತಾರೋ ಅಂತ. ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿದರು. ಇಡೀ ಪ್ರಕರಣ ತಿರುಗಿದ್ದು ಅಲ್ಲಿ.

ಒಂದು ತೋಟದ ರೈಟರು (ಲೆಕ್ಕಪತ್ರ ನೋಡುವವರು) ಹೇಳಿದ್ದು: ಹೋದ ಮಳೆಗಾಲದಲ್ಲಿ ಮಾಡಿದಾಗ ಈ ನಂಬರ್ ಅಸ್ತಿತ್ವದಲ್ಲಿಲ್ಲ ಅಂತ ಬಂತು, ಅದಕ್ಕೇ ಬಿಟ್ಟೆವು. ಇನ್ನೊಬ್ಬ ಸಾಹುಕಾರರು ಹೇಳಿದ್ದು: ಮೊನ್ನೆ ಮಾಡಿದಾಗ ಯಾರೋ ಹೆಂಗಸು ಎತ್ತಿ ರಾಂಗ್ ನಂಬರ್ ಅಂದರು. ಮೂರನೆಯವರಿಗೆ ಯಾವಾಗ ಮಾಡಿದರೂ ಒಂದು ಬೆಲ್ ಆಗಿ ಕಟ್. ಇವರ ತಂಗಿ ಮಾತ್ರ "ನಂಗೆ ದಿನಾ ಸಿಗ್ತಾನಲ್ಲ" ಅಂದರು. ಅವರು ಮಾಡುವುದು ರಾತ್ರಿ ಊಟದ ಹೊತ್ತಿಗೆ.

ಒಂದೇ ನಂಬರ್, ಉತ್ತರ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಸಿಮ್ ಸುಟ್ಟಿದ್ದರೆ, ಫೋನ್ ಕೆಟ್ಟಿದ್ದರೆ ಹೀಗೆ ಆಗುವುದಿಲ್ಲ. ಆ ಹೆಂಗಸಿನ ಮಾತು ಕೇಳಿದ ಮೇಲೆ ಫಾರ್ವರ್ಡ್ ಇದ್ದೇ ಇದೆ ಅಂತ ನನಗೆ ಖಾತ್ರಿಯಾಯಿತು. ಆದರೆ *#21# ಇಲ್ಲ ಅಂದಿತ್ತಲ್ಲ? ಅದಕ್ಕೆ ರಮೇಶಣ್ಣನ ಫೋನನ್ನು ಸ್ವಿಚ್ ಆಫ್ ಮಾಡಿದೆ. ಆಫ್ ಮಾಡಿದ ಫೋನಿಗೆ ನನ್ನ ಫೋನಿನಿಂದ ಕಾಲ್ ಮಾಡಿ ಸ್ಪೀಕರ್ ಹಾಕಿದೆ.

ಬೆಲ್ ಆಯಿತು. ಒಬ್ಬ ಹೆಂಗಸು ಎತ್ತಿದರು. ಉತ್ತರ ಕರ್ನಾಟಕದ ಮಾತು. "ಅಲ್ರೀ, ಇದು ಮೋಟರ್ ಅಂಗಡಿ ಅಲ್ರೀ. ಎಷ್ಟ್ ಸಲ ಹೇಳ್ಬೇಕ್ರಿ ನಿಮಗ?"

ರಮೇಶಣ್ಣ ತಲೆ ಮೇಲೆ ಕೈ ಇಟ್ಟುಕೊಂಡು ಕೂತರು.

ಫಾರ್ವರ್ಡ್ ಕುಳಿತಿದ್ದು ಎಲ್ಲಿ

ಕಾಲ್ ಫಾರ್ವರ್ಡ್‌ನಲ್ಲಿ ನಾಲ್ಕು ಬಗೆ ಇದೆ. ಯಾವಾಗಲೂ ಬೇರೆ ನಂಬರಿಗೆ ಕಳಿಸುವುದು ಒಂದು, ಅದರ ಕೋಡ್ 21. ಬಿಜಿ ಇದ್ದಾಗ ಮಾತ್ರ ಕಳಿಸುವುದು 67. ಎತ್ತದೇ ಇದ್ದಾಗ 61. ಫೋನ್ ಆಫ್ ಆಗಿದ್ದಾಗ ಅಥವಾ ಸಿಗ್ನಲ್ ಇಲ್ಲದಾಗ 62. ಇವು ಜಿಎಸ್‌ಎಂ ಅನ್ನುವ ಮೊಬೈಲ್ ಪದ್ಧತಿಯ ಕೋಡ್‌ಗಳು, ಒಂದೊಂದನ್ನೂ ಬೇರೆಯಾಗಿಯೇ ಕೇಳಬೇಕು. *#21# ಹೊಡೆದರೆ ಮೊದಲನೆಯದರ ಉತ್ತರ ಮಾತ್ರ ಬರುತ್ತದೆ. ಫೋನಿನ ಮೇಲ್ತುದಿಯಲ್ಲಿ ಬಾಣದ ಗುರುತು ಬರುತ್ತದಲ್ಲ, ಅದೂ ಸಾಮಾನ್ಯವಾಗಿ 'ಯಾವಾಗಲೂ' ಫಾರ್ವರ್ಡ್ ಇದ್ದಾಗ ಮಾತ್ರ. ಉಳಿದ ಮೂರಕ್ಕೆ ಗುರುತೇ ಇರುವುದಿಲ್ಲ.

ಫೋನ್ ಆನ್ ಮಾಡಿ *#62# ಹೊಡೆದೆ. ವಾಯ್ಸ್ ಕಾಲ್ ಫಾರ್ವರ್ಡ್ ಆಗಿದೆ ಅಂತ ಒಂದು ನಂಬರ್ ಬಂತು. ರಮೇಶಣ್ಣ ನೋಡಿದ ಕೂಡಲೇ ಗುರುತಿಸಿದರು. "ಇದು ನಮ್ಮ ಅಪ್ಪಂಗೆ ಕೊಟ್ಟಿದ್ದ ಕೀಪ್ಯಾಡ್ ಫೋನಿಂದು."

ಕೆಲವು ವರ್ಷಗಳ ಹಿಂದೆ ಅವರೇ ಹಾಕಿಸಿಕೊಂಡಿದ್ದು ಅದು. ತೋಟದಲ್ಲಿ ಸಿಗ್ನಲ್ ಇಲ್ಲದಾಗ ಕಾಲ್ ಮನೆಗೆ ಹೋಗಲಿ, ಅಪ್ಪ ಎತ್ತಿ ಹೆಸರು ಬರೆದಿಡಲಿ ಅಂತ. ಒಳ್ಳೆಯ ಏರ್ಪಾಡು, ಚೆನ್ನಾಗಿಯೇ ನಡೆದಿತ್ತು. ಅಪ್ಪ ತೀರಿಕೊಂಡ ಮೇಲೆ ಆ ಫೋನಿಗೆ ಯಾರೂ ರೀಚಾರ್ಜ್ ಹಾಕಲಿಲ್ಲ. ಪ್ರೀಪೇಡ್ ನಂಬರನ್ನು 90 ದಿನ ಬಳಸದಿದ್ದರೆ ಕಂಪನಿ ಮುಚ್ಚಬಹುದು. ಮುಚ್ಚಿದ ಮೇಲೆ ಕನಿಷ್ಠ 90 ದಿನ ಬಿಟ್ಟು ಬೇರೆಯವರಿಗೆ ಕೊಡಬಹುದು. ಇಲ್ಲೂ ಅದೇ ಆಗಿದೆ. ನಂಬರ್ ಮುಚ್ಚಿದ್ದಾಗ ಕಾಲ್ ಮಾಡಿದ ರೈಟರಿಗೆ 'ಅಸ್ತಿತ್ವದಲ್ಲಿಲ್ಲ' ಅಂತ ಕೇಳಿದೆ. ಆ ನಂಬರ್ ಹೊಸಬರ ಕೈಗೆ ಹೋದ ಮೇಲೆ ಮಾಡಿದ ಸಾಹುಕಾರರಿಗೆ ಆ ಹೆಂಗಸು ಸಿಕ್ಕಿದ್ದಾರೆ. ಇಬ್ಬರ ಮಾತೂ ನಿಜವೇ.

ಸಿಮ್ ಬದಲಾಯಿಸಿದರೂ ಇದು ಹೋಗದಿದ್ದುದಕ್ಕೆ ಕಾರಣ ಸರಳ. ಫಾರ್ವರ್ಡ್ ಸೆಟ್ಟಿಂಗ್ ಇರುವುದು ಫೋನಿನಲ್ಲಿ ಅಲ್ಲ, ಸಿಮ್ಮಿನಲ್ಲೂ ಅಲ್ಲ. ಅದು ಕಂಪನಿಯ ಕಡೆ ನಿಮ್ಮ ನಂಬರಿನ ಲೆಕ್ಕದಲ್ಲಿ ಬರೆದಿರುತ್ತದೆ. ಊರು ಬಿಟ್ಟವರು ಅಂಚೆ ಕಚೇರಿಯಲ್ಲಿ ಹೊಸ ವಿಳಾಸ ಬರೆಸಿ ಬಂದ ಹಾಗೆ. ಮನೆಯ ಬಾಗಿಲು ಬದಲಾಯಿಸಿದರೆ ಅಲ್ಲಿ ಬರೆದದ್ದು ಅಳಿಯುವುದಿಲ್ಲ. ಮಿಸ್ಡ್ ಕಾಲ್ ಕಾಣದಿದ್ದುದೂ ಅದಕ್ಕೇ, ಕಾಲ್ ಇವರ ಫೋನಿನ ತನಕ ಬಂದೇ ಇಲ್ಲ.

##62# ಹೊಡೆದು ತೆಗೆದೆವು. ##002# ಹೊಡೆದರೆ ಎಲ್ಲ ಬಗೆಯ ಫಾರ್ವರ್ಡ್ ಒಟ್ಟಿಗೆ ಹೋಗುತ್ತದೆ, ಆದರೆ ಬೇಕಾದದ್ದೂ ಹೋಗುತ್ತದೆ, ಹಾಗಾಗಿ ಮೊದಲು ಏನೇನಿದೆ ಅಂತ ನೋಡಿಕೊಳ್ಳುವುದು ಒಳ್ಳೆಯದು. ಕೆಲವು ಸಿಮ್‌ಗಳಲ್ಲಿ ಈ ಕೋಡ್‌ಗಳು ಕೆಲಸ ಮಾಡುವುದಿಲ್ಲ. ಆಗ ಫೋನ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಕಾಲ್ ಫಾರ್ವರ್ಡಿಂಗ್ ತೆರೆದು ನಾಲ್ಕನ್ನೂ ನೋಡಬೇಕು, ಅಲ್ಲೂ ಆಗದಿದ್ದರೆ ಕಸ್ಟಮರ್ ಕೇರ್. ಎರಡು ಸಿಮ್ ಇದ್ದರೆ ಯಾವ ಸಿಮ್‌ನಿಂದ ಹೊಡೆಯುತ್ತಿದ್ದೇವೆ ಅನ್ನುವುದನ್ನೂ ಗಮನಿಸಬೇಕು.

ಇಲ್ಲಿ ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗಲಾರೆ. ಇದೇ ಫಾರ್ವರ್ಡ್ ಅನ್ನು ಮೋಸಗಾರರೂ ಬಳಸುತ್ತಾರೆ. ಕೊರಿಯರ್‌ನವರು, ಸಿಮ್ ಕಂಪನಿಯವರು ಅಂತ ಹೇಳಿಕೊಂಡು 'ಈ ನಂಬರ್ ಒತ್ತಿ' ಅನ್ನುತ್ತಾರೆ. *21* ಅಥವಾ *401* ಆದ ಮೇಲೆ ಅವರ ಮೊಬೈಲ್ ನಂಬರ್ ಇರುತ್ತದೆ. ಒತ್ತಿದರೆ ನಿಮ್ಮ ಕಾಲ್‌ಗಳು ಅವರಿಗೆ ಹೋಗುತ್ತವೆ, ಫೋನ್ ಮೂಲಕ ಹೇಳುವ ಒಟಿಪಿ ಕೂಡ. 2024ರ ಏಪ್ರಿಲ್ 15ರಿಂದ *401# ಬಗೆಯ ಯುಎಸ್‌ಎಸ್‌ಡಿ (ಕೋಡ್ ಒತ್ತಿ ಹಾಕುವ) ಫಾರ್ವರ್ಡ್ ನಿಲ್ಲಿಸುವಂತೆ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಆದೇಶ ಕೊಟ್ಟಿದ್ದು ಇದೇ ಕಾರಣಕ್ಕೆ. ಗುರುತಿಲ್ಲದವರು ಹೇಳಿದ ಕೋಡ್ ಒತ್ತಬೇಡಿ. ಒತ್ತಿ ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಉಳಿದ ಎರಡು ಗಂಟು

ಒಂದು ಬೆಲ್ ಆಗಿ ಕಟ್ ಆಗುತ್ತಿದ್ದ ಗ್ರಾಹಕರಿಗೆ ಮತ್ತೆ ಮಾಡಲು ಹೇಳಿದೆ. ಈಗಲೂ ಕಟ್. ಫಾರ್ವರ್ಡ್‌ಗೂ ಇದಕ್ಕೂ ಸಂಬಂಧ ಇಲ್ಲ ಅಂತ ಗೊತ್ತಾಯಿತು. ನೋಡಿದರೆ ಫೋನಿನಲ್ಲಿ ಕರೆ ಮಾಡಿದವರ ಹೆಸರು ತೋರಿಸುವ ಒಂದು ಆ್ಯಪ್ ಇತ್ತು. ಸಾಲ ಬೇಕಾ, ಲೋನ್ ಬೇಕಾ ಅನ್ನುವ ಕಾಲ್ ಜಾಸ್ತಿ ಅಂತ ಅಳಿಯ ಹಾಕಿಕೊಟ್ಟಿದ್ದ. ಅದರಲ್ಲಿ 'ಕಾಂಟ್ಯಾಕ್ಟ್‌ನಲ್ಲಿ ಇಲ್ಲದವರನ್ನು ಬ್ಲಾಕ್ ಮಾಡು' ಅನ್ನುವುದು ಆನ್ ಇತ್ತು. ಅಂಗಡಿಯಲ್ಲಿ ನಾನು ಕಾಲ್ ಮಾಡಿ ನೋಡಿದ ನಂಬರುಗಳು ಅವರ ಫೋನಿನಲ್ಲಿ ಸೇವ್ ಆಗಿದ್ದವು, ಅದಕ್ಕೇ ಆ ಕಾಲ್‌ಗಳು ಬಂದಿದ್ದವು.

ಸಂಬಳದ ಕೆಲಸದವರಿಗೆ ಈ ಸೆಟ್ಟಿಂಗ್ ಸರಿ ಇರಬಹುದು. ರಮೇಶಣ್ಣನಂಥವರಿಗೆ ಅಲ್ಲ. ಅವರ ಹೊಸ ಕೆಲಸವೆಲ್ಲ ಗುರುತಿಲ್ಲದ ನಂಬರಿನಿಂದಲೇ ಬರಬೇಕು. ಜೊತೆಗೆ ರಿಸೆಟ್ ಮಾಡಿದಾಗ ಕಾಂಟ್ಯಾಕ್ಟ್ ಹೋಗಿತ್ತಲ್ಲ, ಅಂದರೆ ಹತ್ತಾರು ವರ್ಷದ ಹಳೆಯ ಗ್ರಾಹಕರೂ ಆ ಆ್ಯಪ್‌ಗೆ ಅಪರಿಚಿತರೇ. ರಿಪೇರಿಗೆ ಅಂತ ಮಾಡಿದ ರಿಸೆಟ್ ತೊಂದರೆಯನ್ನು ದೊಡ್ಡದು ಮಾಡಿತ್ತು. ಆ ಬ್ಲಾಕ್ ತೆಗೆದೆವು. ಅನಗತ್ಯ ಕಾಲ್ ತಡೆಯಲು 1909 ನಂಬರಿನ ಮೂಲಕ ಡಿಎನ್‌ಡಿ (ಜಾಹೀರಾತು ಕಾಲ್ ಬೇಡ ಅಂತ ಕಂಪನಿಯ ಕಡೆ ಮಾಡುವ ನೋಂದಣಿ, ಫೋನಿನೊಳಗಿನ ಡು ನಾಟ್ ಡಿಸ್ಟರ್ಬ್ ಅಲ್ಲ) ಹಾಕಿಸಿದೆವು.

ಮೂರನೆಯದು ಸ್ವಲ್ಪ ಕಷ್ಟದ್ದು. ಫಾರ್ವರ್ಡ್ ತೆಗೆದ ಮೇಲೂ, ಮನೆಯಲ್ಲೇ ಇದ್ದಾಗ ಒಮ್ಮೊಮ್ಮೆ ಕಾಲ್ ಬರುತ್ತಿರಲಿಲ್ಲ. ಆಗ ಕಾಲ್ ಮಾಡಿದವರಿಗೆ ವ್ಯಾಪ್ತಿ ಪ್ರದೇಶದ ಹೊರಗೆ ಅಂತ ಕೇಳುತ್ತಿತ್ತು. ಈ ಸಲ ರಮೇಶಣ್ಣನ ಮನೆಯವರು ಸುಳಿವು ಕೊಟ್ಟರು. ಹೆಸರು ಬೇಡ, ಅಕ್ಕ ಅನ್ನುತ್ತೇನೆ. "ಕರೆಂಟ್ ಹೋದಾಗ್ಲೇ ಹಿಂಗಾಗದು, ನೋಡಿ" ಅಂದರು.

ಅವರ ಮನೆಯೊಳಗೆ ಮೊಬೈಲ್ ಸಿಗ್ನಲ್ ಕಡಿಮೆ. ಅದಕ್ಕೆ ವೈಫೈ ಕಾಲಿಂಗ್ ಆನ್ ಮಾಡಿದ್ದರು, ಅಂದರೆ ಕಾಲ್ ಟವರಿನ ಬದಲು ಮನೆಯ ಇಂಟರ್ನೆಟ್ ಮೂಲಕ ಬರುತ್ತದೆ. ಮಲೆನಾಡಿನ ಮನೆಗಳಿಗೆ ಇದು ನಿಜಕ್ಕೂ ಒಳ್ಳೆಯ ಸೌಲಭ್ಯ. ಆದರೆ ಕರೆಂಟ್ ಹೋದಾಗ ಮನೆಯ ರೌಟರ್ ಯುಪಿಎಸ್ ಮೇಲೆ ಉರಿಯುತ್ತಲೇ ಇರುತ್ತದೆ, ಊರಿನ ಕೇಬಲ್‌ನವರ ಕಡೆ ಮಾತ್ರ ಆಫ್ ಆಗುತ್ತದೆ. ಫೋನಿಗೆ ವೈಫೈ ಪೂರ್ತಿ ಕಾಣುತ್ತದೆ, ಅದರ ಹಿಂದೆ ಇಂಟರ್ನೆಟ್ ಇಲ್ಲ. ಈ ಫೋನ್ ಇನ್ನೂ ವೈಫೈ ಮೇಲಿದೆ ಅಂತ ಕಂಪನಿ ಆ ದಾರಿಯಲ್ಲೇ ಕಾಲ್ ಕಳಿಸುತ್ತದೆ, ಅದು ಮುಟ್ಟುವುದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಫೋನ್ ತಾನಾಗಿ ಟವರಿಗೆ ಮರಳುತ್ತದೆ, ಆದರೆ ಆ ನಡುವೆ ಬಂದ ಕಾಲ್ ಹೋದ ಹಾಗೇ. ಮೊದಲು ಇವೂ ಆ ಹೆಂಗಸಿಗೆ ಹೋಗುತ್ತಿದ್ದವು. ಮನೆಯಲ್ಲಿ ಕೂತಿದ್ದಾಗಲೂ ಕಾಲ್ ತಪ್ಪುತ್ತಿತ್ತಲ್ಲ ಅನ್ನುವ ಪ್ರಶ್ನೆಗೆ ಉತ್ತರ ಅಲ್ಲಿ ಸಿಕ್ಕಿತು.

ಇದಕ್ಕೆ ಎರಡು ದಾರಿ ಇತ್ತು. ವೈಫೈ ಕಾಲಿಂಗ್ ಪೂರ್ತಿ ತೆಗೆದರೆ ಮನೆಯೊಳಗೆ ಮಾತು ಕಟ್ ಕಟ್ ಆಗುತ್ತದೆ. ಇಟ್ಟರೆ ಮಳೆಗಾಲದಲ್ಲಿ ಕರೆಂಟ್ ಹೋದಾಗಲೆಲ್ಲ ಇದೇ ಗೋಳು. ಅವರ ಫೋನಿನಲ್ಲಿ ಕಾಲ್‌ಗೆ ಮೊಬೈಲ್ ನೆಟ್‌ವರ್ಕ್ ಮೊದಲು, ವೈಫೈ ಆಮೇಲೆ ಅಂತ ಆರಿಸುವ ಅವಕಾಶ ಇತ್ತು. ಅದನ್ನು ಹಾಕಿದೆವು. ವರ್ಕ್‌ಶಾಪಿನ ಮುಂಭಾಗದಲ್ಲಿ ಸಿಗ್ನಲ್ ಪರವಾಗಿಲ್ಲ, ಮನೆಯಲ್ಲಿದ್ದಾಗ ಫೋನನ್ನು ಅಲ್ಲಿ ಕಿಟಕಿ ಹತ್ತಿರ ಇಡುವುದು ಅಂತ ಅಕ್ಕ ತೀರ್ಮಾನ ಮಾಡಿದರು. ಪೂರ್ತಿ ಪರಿಹಾರ ಅಲ್ಲ ಇದು, ಆದರೆ ಕಾಲ್ ತಪ್ಪುವುದು ಬಹಳ ಕಡಿಮೆಯಾಯಿತು.

ಮತ್ತೆ ಫಾರ್ವರ್ಡ್ ಹಾಕಿದ್ದು

ಇಷ್ಟೆಲ್ಲ ಸರಿಯಾದರೂ ಒಂದು ವಿಷಯ ಯಾವ ಸೆಟ್ಟಿಂಗ್‌ನಿಂದಲೂ ಬದಲಾಗುವುದಿಲ್ಲ. ಗುಡ್ಡದ ಹಿಂದಿನ ತೋಟಗಳಲ್ಲಿ, ಕೆರೆಯ ಪಕ್ಕದ ತಗ್ಗಿನಲ್ಲಿ ಸಿಗ್ನಲ್ಲೇ ಇಲ್ಲ. ರಮೇಶಣ್ಣ ಗಂಟೆಗಟ್ಟಲೆ ಇರುವುದು ಅಲ್ಲೇ. ಹಾಗಾಗಿ '62' ಫಾರ್ವರ್ಡ್ ಅನ್ನು ಮತ್ತೆ ಹಾಕೋಣ, ಈ ಸಲ ಅಕ್ಕನ ನಂಬರಿಗೆ ಅಂದೆ. ರಮೇಶಣ್ಣ ಬೇಡವೇ ಬೇಡ ಅಂದರು. ಒಂದು ವರ್ಷ ಅನುಭವಿಸಿದವರಿಗೆ ಆ ಹೆಸರು ಕೇಳಿದರೇ ಭಯ. ಅಕ್ಕ ಒಪ್ಪಿಸಿದರು. "ಅಪ್ಪ ಇದ್ದಾಗ ಚೆನ್ನಾಗೇ ಇತ್ತಲ್ಲ. ಆಗ ಅವರು ಬರ್ಕೊಳ್ತಿದ್ರು, ಈಗ ನಾ ಬರ್ಕೊಳ್ತೀನಿ" ಅಂದರು. ನನ್ನ ಪ್ರಕಾರ ಆ ತೀರ್ಮಾನವೇ ಇದರಲ್ಲಿ ಎಲ್ಲಕ್ಕಿಂತ ಸರಿಯಾದದ್ದು. ತೊಂದರೆ ಕೊಟ್ಟಿದ್ದು ಫಾರ್ವರ್ಡ್ ಅಲ್ಲ, ಕಾಲ್ ಹೋಗಿ ಸೇರುವ ನಂಬರ್ ಕೈ ಬಿಟ್ಟು ಹೋಗಿದ್ದು.

ನಂಬರ್ ಬಿಡುವಾಗ ಜನ ಬ್ಯಾಂಕ್, ಆಧಾರ್ ನೆನಪಿಟ್ಟುಕೊಳ್ಳುತ್ತಾರೆ. ಬೇರೆ ಯಾವ ಫೋನಿನಿಂದ ಈ ನಂಬರಿಗೆ ಫಾರ್ವರ್ಡ್ ಹಾಕಿದ್ದೇವೆ ಅನ್ನುವುದು ಯಾರಿಗೂ ನೆನಪಿರುವುದಿಲ್ಲ. ವಾಟ್ಸಾಪ್ ಖಾತೆಯನ್ನೂ ಆ ನಂಬರಿನಿಂದ ತೆಗೆದಿರಬೇಕು, ಇಲ್ಲದಿದ್ದರೆ ಮುಂದೆ ಆ ನಂಬರ್ ಸಿಕ್ಕವರಿಗೂ ನಿಮಗೂ ಕಿರಿಕಿರಿ. ನಿಮ್ಮ ಹೆಸರಿನಲ್ಲಿ ಈಗ ಯಾವ ಯಾವ ನಂಬರ್ ಚಾಲೂ ಇವೆ ಅಂತ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಬಹುದು. ರಮೇಶಣ್ಣನದ್ದು ನೋಡಿದಾಗ ಅಪ್ಪನ ಆ ಹಳೆಯ ನಂಬರ್ ಪಟ್ಟಿಯಲ್ಲಿ ಇರಲಿಲ್ಲ. ಅದು ಇವರದ್ದಾಗಿ ಉಳಿದಿಲ್ಲ ಅನ್ನುವುದು ಅಲ್ಲೂ ಖಚಿತವಾಯಿತು.

ಆ ಹೆಂಗಸಿಗೆ ರಮೇಶಣ್ಣ ತಾವೇ ಫೋನ್ ಮಾಡಿ ನಡೆದದ್ದನ್ನು ಹೇಳಿದರು. ಅವರು ಮೊದಲು ಬೈದರು, ಪೂರ್ತಿ ಕೇಳಿದ ಮೇಲೆ ಸಮಾಧಾನವಾದರು. ಅವರಿಗೂ ಒಂದು ಒಗಟು ಬಿಡಿಸಿದ ಹಾಗಾಯಿತು. ಗೊತ್ತಿಲ್ಲದ ಊರಿನವರು ದಿನಾ ಯಾಕೆ ಮೋಟರ್ ಸುಟ್ಟಿದೆ ಅಂತ ಫೋನ್ ಮಾಡುತ್ತಾರೆ ಅಂತ ಅವರ ಮನೆಯಲ್ಲೂ ಚರ್ಚೆ ನಡೆದಿತ್ತಂತೆ.

ಈಗ

ಕಾಂಟ್ಯಾಕ್ಟ್‌ಗಳನ್ನು ಹಳೆಯ ಬಿಲ್ ಪುಸ್ತಕ ನೋಡಿ ಒಂದೊಂದಾಗಿ ತುಂಬಿಸಿ, ಈ ಸಲ ಜಿಮೇಲ್ ಖಾತೆಗೆ ಸೇವ್ ಮಾಡಿದ್ದಾರೆ. ಅಕ್ಕನ ನಂಬರಿನ ರೀಚಾರ್ಜನ್ನೂ ತಮ್ಮ ನಂಬರಿನ ಜೊತೆಗೇ ಹಾಕಿಸುತ್ತಾರೆ. ಆಗಾಗ ತಮ್ಮ ಫೋನ್ ಆಫ್ ಮಾಡಿ, ವರ್ಕ್‌ಶಾಪಿನ ಹುಡುಗನ ಫೋನಿನಿಂದ ತಮಗೇ ಕಾಲ್ ಮಾಡಿಸಿ, ಅಕ್ಕನಿಗೆ ಬೆಲ್ ಆಗುತ್ತದಾ ಅಂತ ನೋಡುತ್ತಾರೆ. ದೂರವಾಗಿದ್ದ ಗ್ರಾಹಕರಲ್ಲಿ ಸುಮಾರು ಜನ ಮರಳಿದ್ದಾರೆ. ಕೆಲವರು ಬೇರೆ ಮೆಕ್ಯಾನಿಕ್‌ಗೆ ಒಗ್ಗಿಹೋಗಿದ್ದಾರೆ, ಅವರು ಬರುವುದು ಅನುಮಾನ. ಸಿಗ್ನಲ್ ಇಲ್ಲದ ಆ ತಗ್ಗಿನ ಬಗ್ಗೆ ತೋಟದವರೂ ಇವರೂ ಸೇರಿ ಸಿಮ್ ಕಂಪನಿಯ ದೂರಿನ ನಂಬರ್ 198ರಲ್ಲಿ ದೂರು ಕೊಟ್ಟು ದೂರಿನ ನಂಬರ್ ತಗೊಂಡಿದ್ದಾರೆ. ಅಲ್ಲಿಗೆ ಟವರ್ ಇನ್ನೂ ಬಂದಿಲ್ಲ.